ಯಾರದ್ದೂ ಅಲ್ಲದ ಜೋಳ

ಸಂಶೋಧನಾ ಕೇಂದ್ರದ ಹೊಲದಲ್ಲಿ ದೊಡ್ಡಕ್ಕ ಜೋಳದ ತೆನೆಯನ್ನು ಬಾಗಿಸಿ ತೊಡೆಯ ಮೇಲಿಟ್ಟುಕೊಂಡು ಹೂವಿನ ಗಂಡುಕೇಸರ ಕೀಳುತ್ತಿದ್ದಳು. ಹೊಟ್ಟಿನ ಸಂದಿಗೆ ಸೂಜಿಯ ಮೊನೆ ಹೋಗಬೇಕು. ಒಳಗಿರುವ ಹಳದಿ ಎಳೆ ಒಡೆಯದೆ ಈಚೆ ಬರಬೇಕು. ಒಡೆದರೆ ಪುಡಿ ಚೆಲ್ಲುತ್ತದೆ, ಹೂವು ತನಗೆ ತಾನೇ ಕಾಳುಕಟ್ಟಿಬಿಡುತ್ತದೆ, ದಿನದ ಕೆಲಸ ಮಣ್ಣುಪಾಲು. ಹಾಗೆ ಬರಿದು ಮಾಡಿದ ತೆನೆಗೆ ಕಾಗದದ ಚೀಲ ತೊಡಿಸಿ ದಾರ ಕಟ್ಟಬೇಕು. ಬೆಳಿಗ್ಗೆ ಬೇರೆ ಗಿಡದ ಪುಡಿ ತಂದು ಅದರ ಮೇಲೆ ಉದುರಿಸಬೇಕು. ಎರಡು ತಳಿ ಕೂಡುವುದು ಹೀಗೆ. ಕೂಡಿಸಿದವರು ಸಾಹೇಬರು ಎಂದು ಹಲಗೆಯಲ್ಲಿ ಬರೆದಿರುತ್ತದೆ. ಬೆರಳು ಮಾತ್ರ ಹಿಂದಿನ ಸಾಲಿನ ಹೆಂಗಸರದು.

ಸೊಂಟ ಹಿಡಿದುಕೊಂಡಿತ್ತು. ಕಣ್ಣಿನಲ್ಲಿ ನೀರು ಬರುತ್ತಿತ್ತು, ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ. ಪಕ್ಕದ ಸ್ಟೂಲಿನಲ್ಲಿ ಬಾಯಿಬಡುಕಿ. ಕೆಲಸ ನಿಂತರೂ ಅವಳ ಮಾತು ನಿಲ್ಲುವುದಿಲ್ಲ ಎಂದು ಸಾಲಿನವರೇ ಇಟ್ಟ ಹೆಸರು.

"ಗಂಡಸ್ತನ ಕಿತ್ತುಹಾಕಿದ್ರೆ ಸಂಬಳ ಕೊಡೋ ಜಾಗ ಇದೊಂದೇ ನೋಡು ದೊಡ್ಡಕ್ಕಾ," ಅಂದಳು ಬಾಯಿಬಡುಕಿ. "ಮನೇಲೂ ಒಂದು ಕೈ ನೋಡೋಣ ಅಂದ್ರೆ, ಸೂಜಿ ಇಲ್ಲೇ ಇಟ್ಟು ಹೋಗ್ಬೇಕಂತೆ."

ಹೆಂಗಸರೆಲ್ಲ ನಕ್ಕರು. ನಗು ಇನ್ನೂ ಇಳಿದಿರಲಿಲ್ಲ, ಮೇಸ್ತ್ರಿ ಬದುವಿನ ಮೇಲೆ ಬಂದು ನಿಂತ.

"ನಾಳೆ ಬೆಳಿಗ್ಗೆ ಇಲ್ಲಿಗೆ ಬರೋದು ಬೇಡ. ಎಲ್ಲರೂ ನಿಮ್ಮ ಸಾಲಿನ ಹಿತ್ತಲಲ್ಲೇ ಇರಿ. ಆ ಮೊಂಡಿ ಕೀಳೋದಿದೆ."

"ಯಾವ ಮೊಂಡಿ?" ಅಂದಳು ದೊಡ್ಡಕ್ಕ. ಮೊಂಡಿ ಒಂದೇ ಇರುವುದು, ಅವಳಿಗೆ ಗೊತ್ತು.

"ಇನ್ಯಾವುದು, ನಿಮ್ಮ ಆ ಹಳೇ ಜೋಳ. ಬೀಜದ ಹೊಲದ ಪಕ್ಕದಲ್ಲೇ ಇದೆಯಲ್ಲ. ಅದರ ಪುಡಿ ಹಾರಿಬಂದು ಹೊಸ ತಳಿ ಕೆಡತ್ತಂತೆ. ಹೊಡೆ ಒಡೆದು ತೆನೆ ಈಚೆ ಬರೋಕೆ ಮುಂಚೆ ಬೇರು ಸಮೇತ ಹೋಗ್ಬೇಕು. ಕೂಲಿ ಕೊಡ್ತಾರೆ, ಪುಕ್ಕಟೆ ಅಲ್ಲ."

"ಯಾರು ಹೇಳಿದ್ದು?"

"ಮೇಡಂ ರುಜು ಹಾಕಿದಾರೆ."

ದೊಡ್ಡಕ್ಕನ ಸೂಜಿ ಜಾರಿತು. ಹಳದಿ ಪುಡಿ ತೊಡೆಯ ಮೇಲೆಲ್ಲ ಚೆಲ್ಲಿತು. ಮೇಸ್ತ್ರಿ ನೋಡಿದ. "ಏನಮ್ಮಾ, ವಯಸ್ಸಾಯ್ತು ನಿಂಗೆ," ಅಂದು ಹೊರಟ.

ಹೆಂಗಸರೆಲ್ಲ ದೊಡ್ಡಕ್ಕನ ಮುಖ ನೋಡಿದರು. ಯಾಕೆಂದರೆ ಆ ಮೇಡಂ ದೊಡ್ಡಕ್ಕನ ಒಡಹುಟ್ಟಿದ ತಂಗಿ.

ಹಿಂದಿನ ಸಾಲು ಎಂದರೆ ಸಂಶೋಧನಾ ಕೇಂದ್ರದ ಬೇಲಿಯ ಆಚೆ, ಕೊಳಚೆ ಕಾಲುವೆಯ ಮಗ್ಗುಲಲ್ಲಿ, ಒಂದಕ್ಕೊಂದು ಆತುಕೊಂಡು ನಿಂತ ತಗಡಿನ ಮನೆಗಳು. ಕೇಂದ್ರ ಬರುವ ಮುಂಚೆ ಈ ನೆಲವನ್ನೆಲ್ಲ ಉತ್ತು ಬಿತ್ತಿದವರು ಅವರೇ. ಕಾಗದ ಇರಲಿಲ್ಲ. ಕೇಂದ್ರ ಬಂತು. ಹೊಲ ಬೇಲಿಯ ಒಳಗೆ ಹೋಯಿತು, ಜನ ಹೊರಗೆ ಉಳಿದರು. ಉಳಿದದ್ದು ಹಿತ್ತಲಿನ ಒಂದು ಪಟ್ಟಿ ನೆಲ. ಅದರಲ್ಲಿ ಸಾಲಿನ ಹೆಂಗಸರು ಮೊಂಡಿಯನ್ನು ಬಿಡದೆ ಬೆಳೆದರು.

ಮೊಂಡಿ ಅನ್ನುವ ಹೆಸರು ಸುಮ್ಮನೆ ಬಂದದ್ದಲ್ಲ. ಬೇರೆ ಜೋಳ ತೆನೆ ಬಲಿಯುವಾಗ ಎಲೆ ಒಣಗಿಸಿಕೊಂಡು ಸೋತು ನಿಲ್ಲುತ್ತದೆ. ಮೊಂಡಿ ಒಣಗುವುದಿಲ್ಲ. ಕಾಳು ಗಟ್ಟಿಯಾಗುವ ತನಕ ಎಲೆ ಹಸಿರಾಗಿಯೇ ಇರುತ್ತದೆ, ಕೊನೆಯ ದಿನದವರೆಗೆ ಕಾಳಿಗೆ ಉಣಿಸುತ್ತದೆ. ಅದಕ್ಕೇ ಕಾಳು ತೂಕ. ಆದರೆ ಒಂದು ಗಿಡದಂತೆ ಇನ್ನೊಂದಿಲ್ಲ. ಒಂದು ಎತ್ತರ, ಒಂದು ಕುಳ್ಳು. ಒಂದರ ಕಾಳು ಬಿಳಿ, ಒಂದರದು ಕೆಂಪು, ಇನ್ನೊಂದು ಬೆಂಕಿಯಲ್ಲಿ ಸುಟ್ಟ ಹಾಗೆ ಕಪ್ಪು. ಯಾವ ಮನೆಯವರೂ ಒಂದೇ ಬಗೆ ಆರಿಸುತ್ತಿರಲಿಲ್ಲ. ಮಳೆ ಮುಂದೆ ಹೋದರೆ ಕುಳ್ಳು ಉಳಿಯುತ್ತದೆ, ಹಕ್ಕಿ ಬಿದ್ದರೆ ಕಪ್ಪು ಉಳಿಯುತ್ತದೆ. ಎಲ್ಲಾ ಸೇರಿದರೆ ಮೊಂಡಿ.

ತಂಗಿಯ ಮನೆಯ ಹೆಸರು ಗುಬ್ಬಿ. ಅಮ್ಮ ಸತ್ತಾಗ ಗುಬ್ಬಿಗೆ ಇನ್ನೂ ಹಾಲುಹಲ್ಲು ಬಿದ್ದಿರಲಿಲ್ಲ. ದೊಡ್ಡಕ್ಕ ಅವಳನ್ನು ಸೊಂಟದಲ್ಲಿಟ್ಟುಕೊಂಡೇ ಈ ಕೇಂದ್ರದ ಕಳೆ ಕಿತ್ತಳು. ಮದುವೆಯ ಮಾತು ಬಂದಾಗ, "ಇವಳ ಓದು ಮುಗೀಲಿ" ಅಂದಳು. ಓದು ಮುಗಿಯುವುದರೊಳಗೆ ಮದುವೆಯ ಮಾತೂ ಮುಗಿದಿತ್ತು. ಗುಬ್ಬಿ ಓದಿದಳು. ದೂರ ಹೋಗಿ ಓದಿದಳು. ಜೋಳದ ಕಾಳು ಯಾಕೆ ತೂಗುತ್ತದೆ, ಒಂದು ತಳಿಗೂ ಇನ್ನೊಂದಕ್ಕೂ ಒಳಗಡೆ ಏನು ವ್ಯತ್ಯಾಸ ಎಂದು ಓದಿ, ಇದೇ ಕೇಂದ್ರಕ್ಕೆ ಅಧಿಕಾರಿಯಾಗಿ ಬಂದಳು.

ಬಂದ ಮೊದಲನೇ ವಾರವೇ ಹಿತ್ತಲ ಬಾಗಿಲಿನಿಂದ ಮನೆಗೆ ಬಂದು ಅಕ್ಕನ ಕೈ ಹಿಡಿದುಕೊಂಡಿದ್ದಳು. "ಅಕ್ಕಾ, ಅಲ್ಲಿ ನನ್ನನ್ನ ಗುಬ್ಬಿ ಅಂತ ಕರೀಬೇಡ. ನಾನು ಸಾಲಿನವಳು ಅಂತ ಗೊತ್ತಾದ್ರೆ ನನ್ನ ಕುರ್ಚೀಲಿ ಕೂರೋಕೆ ಬಿಡಲ್ಲ. ಸ್ವಲ್ಪ ದಿನ."

ದೊಡ್ಡಕ್ಕನಿಗೆ ಅದು ತಪ್ಪು ಅನ್ನಿಸಲಿಲ್ಲ. ಆ ಕುರ್ಚಿಗೆ ಏನೇನು ಬೆಲೆ ಹತ್ತಿದೆ ಎಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು. ಸಾಲಿನವರಿಗೂ ಹೇಳಿದಳು. ಅವರೂ ಬಾಯಿ ಬಿಡಲಿಲ್ಲ. ನಮ್ಮ ಹುಡುಗಿ ಒಬ್ಬಳು ಒಳಗೆ ಕೂತಿದ್ದಾಳೆ, ನಮಗೊಂದು ದಿಕ್ಕಾಯಿತು ಎಂದು ಒಳಗೊಳಗೇ ಹಿಗ್ಗಿದರು. ಸಂಜೆ ಗೇಟಿನಲ್ಲಿ ಕಾವಲಿನವನು ಹೆಂಗಸರ ತುರುಬು ಬಿಚ್ಚಿಸಿ, ಮಡಿಲು ಜಾಡಿಸಿ, ಚಪ್ಪಲಿ ತಲೆಕೆಳಗು ಮಾಡಿ ಕಾಳು ಕದ್ದಿದ್ದಾರೆಯೇ ಎಂದು ನೋಡುತ್ತಾನೆ. ಒಂದು ದಿನ ಹಾಗೆ ದೊಡ್ಡಕ್ಕ ಕೂದಲು ಕೆದರಿಕೊಂಡು ನಿಂತಿದ್ದಾಗ ಗುಬ್ಬಿಯ ಕಾರು ಹೊರಗೆ ಹೋಯಿತು. ಗುಬ್ಬಿ ಕೈಯಲ್ಲಿದ್ದ ಕಾಗದ ನೋಡುತ್ತಿದ್ದಳು. ದೊಡ್ಡಕ್ಕ ತುರುಬು ಕಟ್ಟಿಕೊಂಡು ಮನೆಗೆ ಬಂದಳು.

ಆಮೇಲೆ ಗುಬ್ಬಿ ಮೊಂಡಿ ಕೇಳಿದಳು. ದೊಡ್ಡಕ್ಕ ಒಲೆಯ ಮೇಲೆ ಹೊಗೆಗೆ ತೂಗಿಬಿಟ್ಟಿದ್ದ ಬೀಜದ ತೆನೆಗಳನ್ನೇ ಇಳಿಸಿ ಕೊಟ್ಟಳು. ಅದರ ಗುಣ ಹೊಸ ತಳಿಗೆ ಬರಬೇಕು ಎಂದು ಗುಬ್ಬಿ ಅಂದಳು. ವರ್ಷಗಟ್ಟಲೆ ಆ ಕೂಡಿಸುವ ಕೆಲಸ ನಡೆಯಿತು. ಸ್ಟೂಲಿನ ಮೇಲೆ ಕೂತು ಸೂಜಿ ಹಿಡಿದವಳೂ ದೊಡ್ಡಕ್ಕನೇ. ಹೊಸ ತಳಿ ಬಂತು. ಹಸಿರಾಗಿಯೇ ನಿಂತು, ಕಾಳು ತೂಗಿತು. ಪೂರ್ತಿ ಹೊಲ ಒಂದೇ ಎತ್ತರ, ಒಂದೇ ಬಣ್ಣ, ಕತ್ತರಿಸಿ ಇಟ್ಟ ಹಾಗೆ.

ತಳಿ ಬಿಡುಗಡೆಯ ದಿನ ದೊಡ್ಡವರೆಲ್ಲ ಬಂದಿದ್ದರು. ದೊಡ್ಡಕ್ಕ ನೀರಿನ ಲೋಟದ ತಟ್ಟೆ ಹಿಡಿದುಕೊಂಡು ಶಾಮಿಯಾನದ ಹಿಂದೆ ನಿಂತಿದ್ದಳು. ಕೇಂದ್ರದ ನಿರ್ದೇಶಕರು ವೈವಿಧ್ಯವೇ ನಮ್ಮ ಆಸ್ತಿ ಎಂದು ಬಹಳ ಹೊತ್ತು ಮಾತಾಡಿದರು. ಆಮೇಲೆ ತಳಿಯ ಹುಟ್ಟನ್ನು ಓದಿದರು. ಇದರ ಮೂಲ ಒಂದು ಪಾಳು ಜಾಗದಲ್ಲಿ ತಾನಾಗಿಯೇ ಬೆಳೆದಿದ್ದ ಗಿಡಗಳು, ಅವನ್ನು ಸಾಕಿದವರು ಯಾರೂ ಇಲ್ಲ. ಚಪ್ಪಾಳೆ ಬಿತ್ತು. ಗುಬ್ಬಿ ಎದ್ದು ನಿಂತು ಕೈಮುಗಿದಳು. ತಟ್ಟೆಯಲ್ಲಿ ಲೋಟಗಳು ಒಂದಕ್ಕೊಂದು ತಾಕಿ ಸದ್ದು ಮಾಡಿದವು. ಯಾರೋ ತಿರುಗಿ, "ಶ್," ಅಂದರು.

ಸಾಲಿನ ಹೆಂಗಸರು ಸಂಜೆ ಶಾಲೆಗೆ ಹೋಗುತ್ತಿದ್ದ ಕಾಲ ಅದು. ಅಲ್ಲಿ ಕಲಿಸುತ್ತಿದ್ದ ಟೀಚರು ಒಂದು ವಿಷಯ ಹೇಳಿದರು. ತಳಿಗಳನ್ನು ದಾಖಲು ಮಾಡುವ ಕಚೇರಿ ಒಂದಿದೆ. ಬೀಜ ನಮ್ಮದು ಎಂದು ಹೇಳುವವರಿದ್ದರೆ ಗಡುವಿನೊಳಗೆ ಅಲ್ಲಿಗೆ ಬರೆಯಬಹುದು. ದೊಡ್ಡಕ್ಕ ಬರೆದಳು. ಅಕ್ಷರ ಒಂದೊಂದೂ ಕಲ್ಲು ಜೋಡಿಸಿದ ಹಾಗೆ. ಈ ಜೋಳ ದಿಕ್ಕಿಲ್ಲದ್ದಲ್ಲ, ನಮ್ಮ ಅಮ್ಮಂದಿರು ಸಾಕಿದ್ದು, ನಾವು ಸಾಕುತ್ತಿದ್ದೇವೆ ಎಂದು. ಗುಬ್ಬಿಯ ಸುದ್ದಿ ಎತ್ತಲಿಲ್ಲ. ಎಲ್ಲರೂ ಹೆಸರು ಬರೆದರು, ಬರೆಯಲಾಗದವರು ಹೆಬ್ಬೆಟ್ಟು ಒತ್ತಿದರು.

ಮಾರನೇ ದಿನ ಕಾಗದದ ಸುದ್ದಿ ಕಿವಿಗೆ ಬಿದ್ದು ಗುಬ್ಬಿ ಬಂದಳು. ಅಡಿಗೆಮನೆಯ ನೆಲದ ಮೇಲೆ ಕೂತು ಅತ್ತಳು. "ಕಳಿಸಬೇಡ ಅಕ್ಕಾ. ಅವತ್ತು ಸಭೇಲಿ ಓದಿದ್ದು ಗುಮಾಸ್ತ ಬರೆದ ತಪ್ಪು. ನಾನೇ ತಿದ್ದಿಸ್ತೀನಿ. ಸಾಲಿನ ಹೆಸರು ಹಾಕಿಸ್ತೀನಿ. ನಿಂಗೆ ನನ್ನ ಮೇಲೆ ನಂಬಿಕೆ ಇಲ್ವಾ?"

ದೊಡ್ಡಕ್ಕ ಕಾಗದವನ್ನು ಕಳಿಸದೆ ಮನೆಯಲ್ಲೇ ಎತ್ತಿಟ್ಟಳು. ಇಷ್ಟಾದ ಮೇಲೆ ಗುಬ್ಬಿ ಇನ್ನೊಂದು ಕೇಳಿದಳು. ತಿದ್ದಿಸಬೇಕಾದರೆ ಮೊಂಡಿಯ ಎಲ್ಲಾ ಬಗೆ ತೋರಿಸಬೇಕು, ಕೆಂಪು, ಕಪ್ಪು, ಕುಳ್ಳು, ಎತ್ತರ, ಎಲ್ಲಾ ಬೇಕು. ದೊಡ್ಡಕ್ಕ ಮನೆಮನೆಗೆ ಹೋಗಿ ಕೇಳಿದಳು. ದೊಡ್ಡಕ್ಕ ಕೇಳಿದರೆ ಇಲ್ಲ ಅನ್ನುವವರಿಲ್ಲ. ಬಿತ್ತನೆಗೆ ಬೇಕಾದಷ್ಟು ಮಾತ್ರ ಉಳಿಸಿಕೊಂಡು ಉಳಿದದ್ದನ್ನೆಲ್ಲ ಕೊಟ್ಟರು. ಉಳಿಸಿಕೊಂಡದ್ದು ಈಗ ಹಿತ್ತಲಲ್ಲಿ ಎದೆಯೆತ್ತರ ನಿಂತಿತ್ತು. ಮಡಕೆಯಲ್ಲಿ ಒಂದು ಕಾಳಿರಲಿಲ್ಲ.

ಅದನ್ನು ಕೀಳಬೇಕಂತೆ.

ದೊಡ್ಡಕ್ಕ ಸೂಜಿಯನ್ನು ಡಬ್ಬಿಗೆ ಹಾಕಿ ಎದ್ದಳು. ತೊಡೆಯ ಪುಡಿ ಕೊಡವಿಕೊಂಡು ನೇರ ಕಚೇರಿಗೆ ನಡೆದಳು. ಏನೋ ತಪ್ಪಾಗಿದೆ, ಗುಬ್ಬಿಗೆ ಗೊತ್ತಿಲ್ಲದೆ ರುಜು ಹಾಕಿಸಿಕೊಂಡಿದ್ದಾರೆ ಎಂದು ದಾರಿಯುದ್ದಕ್ಕೂ ತನಗೆ ತಾನೇ ಹೇಳಿಕೊಂಡಳು.

ಗುಬ್ಬಿ ಮೇಜಿನ ಮುಂದೆ ಕಾಳು ಎಣಿಸಿ ಪುಟ್ಟ ತಕ್ಕಡಿಗೆ ಹಾಕುತ್ತಿದ್ದಳು. ಪಕ್ಕದಲ್ಲಿ ಗುಮಾಸ್ತ ನಿಂತಿದ್ದ.

"ಏನಮ್ಮಾ?" ಅಂದಳು ಗುಬ್ಬಿ.

"ಮೇಡಂ, ಹಿತ್ತಲ ಜೋಳದ ವಿಷಯ."

ಗುಬ್ಬಿ ಗುಮಾಸ್ತನನ್ನು ಏನೋ ತರಲು ಕಳಿಸಿ ಬಾಗಿಲು ಮುಂದೆ ಮಾಡಿದಳು. ಖಾಲಿ ಕುರ್ಚಿ ಇತ್ತು. ಕೂರು ಅನ್ನಲಿಲ್ಲ.

"ಇಲ್ಲಿಗೆ ಯಾಕೆ ಬಂದೆ ಅಕ್ಕಾ?"

"ನಿಂಗೆ ಗೊತ್ತಾ, ಮೊಂಡಿ ಕೀಳಬೇಕಂತೆ."

"ಗೊತ್ತು."

ದೊಡ್ಡಕ್ಕ ಗೋಡೆಗೆ ಕೈ ಆನಿಸಿಕೊಂಡಳು.

"ಬೀಜದ ಹೊಲದ ಸುತ್ತ ಬೇರೆ ಜೋಳ ಇರಬಾರದು," ಅಂದಳು ಗುಬ್ಬಿ. "ಅದು ನಿಯಮ. ಕಲಬೆರಕೆ ಆದ್ರೆ ಶುದ್ಧತೆ ಹೋಗತ್ತೆ."

"ಅಮ್ಮ ಪಕ್ಕದಲ್ಲಿ ನಿಂತ್ರೆ ಮಗು ಮೈಲಿಗೆ ಆಗತ್ತಾ?"

"ಹಾಗೆಲ್ಲ ಮಾತಾಡಬೇಡ. ಇದು ವಿಜ್ಞಾನ."

"ಆಯ್ತು, ವಿಜ್ಞಾನಾನೇ ಮಾಡೋಣ. ಪುಡಿ ಹಾರಬಾರದು ತಾನೆ? ಒಂದೊಂದು ತೆನೆಗೂ ಚೀಲ ತೊಡಿಸ್ತೀವಿ. ನಿಮ್ಮ ಹೊಲದಲ್ಲಿ ದಿನಾ ಮಾಡೋ ಕೆಲಸ. ಕೂಲಿ ಬೇಡ."

ಅದು ಆಗುತ್ತದೆ ಎಂದು ಗುಬ್ಬಿಗೂ ಗೊತ್ತಿತ್ತು. ಗೊತ್ತಿದೆ ಎಂಬುದು ಅವಳ ಮುಖದಲ್ಲೇ ಇತ್ತು.

"ಆಗಲ್ಲ," ಅಂದಳು.

"ಯಾಕೆ?"

"ದಾಖಲು ಕಚೇರಿಯಿಂದ ನೋಡೋಕೆ ಬರ್ತಾರೆ. ಹಿತ್ತಲಲ್ಲಿ ಇದು ನಿಂತಿದ್ರೆ ಯಾರದ್ದು ಅಂತ ಕೇಳ್ತಾರೆ."

"ನಮ್ಮದು ಅನ್ನು."

"ಯಾರದ್ದೂ ಅಲ್ಲ ಅಂತ ಬರೆದಾಗಿದೆ ಅಕ್ಕಾ."

"ತಿದ್ದಿಸ್ತೀನಿ ಅಂದಿದ್ದೆ. ಗುಮಾಸ್ತನ ತಪ್ಪು ಅಂದಿದ್ದೆ."

ಗುಬ್ಬಿ ತಕ್ಕಡಿಯ ತಟ್ಟೆ ಸರಿಮಾಡಿದಳು. ಅದು ಸರಿಯಾಗಿಯೇ ಇತ್ತು.

"ನಾನೇ ಬರೆದದ್ದು. ಹಿಂದಿನ ಸಾಲಿನದು ಅಂತ ಬರೆದ್ರೆ, ನಿಂಗೆ ಅವರು ಹೇಗೆ ಗೊತ್ತು, ನಿಂಗೆ ಯಾಕೆ ಕೊಟ್ರು ಅಂತ ಕೇಳ್ತಿದ್ರು. ಒಂದು ಎಳೆದ್ರೆ ಎಲ್ಲಾ ಬಿಚ್ಚಿಕೊಳ್ಳತ್ತೆ. ಅಲ್ಲದೆ ಅದು ಒಂದೇ ತರ ಇಲ್ಲ. ಒಂದೇ ತರ ಇಲ್ಲದ್ದನ್ನ ತಳಿ ಅಂತ ಒಪ್ಪಲ್ಲ. ತಳಿ ಅಲ್ಲದ್ದಕ್ಕೆ ಯಜಮಾನ ಎಲ್ಲಿಂದ ಬರ್ತಾನೆ? ನೀನು ಸುಮ್ಮನೆ ತಲೆ ಕೆಡಿಸ್ಕೊಬೇಡ. ಮೊಂಡಿ ಎಲ್ಲೂ ಹೋಗಿಲ್ಲ. ನೀವು ಕೊಟ್ಟದ್ದೆಲ್ಲ ಶೀತಲ ಕೋಣೇಲಿ ಭದ್ರವಾಗಿದೆ."

"ಹಾಗಾದ್ರೆ ಅದರಲ್ಲಿ ಒಂದು ಮುಷ್ಟಿ ಕೊಡು. ಬೇರೆ ಕಡೆ ಬಿತ್ತಿಕೊಳ್ತೀವಿ."

"ಹೊರಗಿನವರಿಗೆ ಕೊಡೋ ಹಾಗಿಲ್ಲ."

ದೊಡ್ಡಕ್ಕ ತಂಗಿಯನ್ನೇ ನೋಡಿದಳು. ಗುಬ್ಬಿಯ ದನಿ ಮೆತ್ತಗಾಯಿತು. "ಇನ್ನು ಸ್ವಲ್ಪ ದಿನ ತಡ್ಕೋ ಅಕ್ಕಾ. ಆಕ್ಷೇಪಣೆಯ ಗಡುವು ಈ ವಾರ ಮುಗಿಯತ್ತೆ. ಅದು ಮುಗೀಲಿ, ಆಮೇಲೆ ನಾನು ಏನಾದ್ರೂ..."

ಅಲ್ಲಿಗೆ ನಿಲ್ಲಿಸಿದಳು. ನಿಲ್ಲಿಸಿದ್ದು ತಡವಾಯಿತು.

ಅಡಿಗೆಮನೆಯಲ್ಲಿ ಅತ್ತದ್ದು ಯಾಕೆ ಎಂದು ದೊಡ್ಡಕ್ಕನಿಗೆ ಆಗ ಗೊತ್ತಾಯಿತು. ಕಾಗದ ತಡೆಯಲು ಅತ್ತದ್ದು. ಬೀಜ ಬಾಚಿದ್ದು ಮಡಕೆ ಬರಿದಾಗಲಿ ಎಂದು. ಸೊಂಟದಲ್ಲಿಟ್ಟುಕೊಂಡು ಬೆಳೆಸಿದ ಕೂಸು ಹೀಗೆ ಲೆಕ್ಕ ಹಾಕಿತ್ತು, ಸಮಾಧಾನವಾಗಿ, ಒಂದಾದ ಮೇಲೆ ಒಂದು. ಬೇರೆ ಯಾರಾದರೂ ಮಾಡಿದ್ದರೆ ಬಾಯಿಗೆ ಬಂದ ಹಾಗೆ ಬಯ್ಯಬಹುದಿತ್ತು.

"ಗಡುವು ಮುಗಿಯೋವರೆಗೆ ನನ್ನ ಕೂರಿಸಿದ್ದೆಯಾ?" ಅಂದಳು.

ಗುಮಾಸ್ತ ಬಾಗಿಲು ತಟ್ಟಿದ.

"ಆಯ್ತಮ್ಮಾ, ನೋಡೋಣ," ಅಂದಳು ಮೇಡಂ. "ಹೋಗಿ ಕೆಲಸ ನೋಡು."

ಮನೆಗೆ ಬಂದು ದೊಡ್ಡಕ್ಕ ಸಾಲಿನವರನ್ನೆಲ್ಲ ಕರೆದಳು. ಕೇಳಿದ್ದನ್ನೆಲ್ಲ ಹಾಗೆ ಹಾಗೇ ಹೇಳಿದಳು. ಒಂದು ಮಾತೂ ಮೆತ್ತಗೆ ಮಾಡಲಿಲ್ಲ.

"ನಾನು ಕೇಳಿದ್ದಕ್ಕೆ ಬೀಜ ಕೊಟ್ರಿ. ಈಗ ನನ್ನ ಬಯ್ಯಿರಿ," ಅಂದಳು.

"ಬೈಗುಳಾನ ನಿಂಗೊಬ್ಬಳಿಗೇ ಯಾಕೆ ಒಡವೆ ತರ ಎತ್ತಿ ಇಡಬೇಕು," ಅಂದಳು ಬಾಯಿಬಡುಕಿ. "ನಾವೆಲ್ಲ ಅವಳನ್ನ ಎತ್ತಿ ಆಡಿಸಿದವರೇ. ನನ್ನ ಮಡಿಲಲ್ಲಿ ಉಚ್ಚೆ ಹೊಯ್ದಿದಾಳೆ ನಿಮ್ಮ ಮೇಡಂ."

ಯಾರೂ ನಗಲಿಲ್ಲ. ಅವಳೂ ನಗಿಸಲು ಹೇಳಿದ್ದಲ್ಲ.

ಬೆಳಿಗ್ಗೆ ಮೇಸ್ತ್ರಿ ಬಂದ. ಹೆಂಗಸರು ಹಿತ್ತಲಲ್ಲಿ ಮೊಂಡಿಯ ನಡುವೆ ನಿಂತಿದ್ದರು. ಕೈಯಲ್ಲಿ ಕುಡುಗೋಲಿರಲಿಲ್ಲ.

"ಶುರು ಮಾಡ್ರಮ್ಮಾ. ಬಿಸಿಲೇರತ್ತೆ."

"ಕೀಳಲ್ಲ," ಅಂದಳು ದೊಡ್ಡಕ್ಕ.

"ಏನು?"

"ಕೀಳಲ್ಲ. ಈ ಕೈ ನಿಮ್ಮ ಹೊಲದಲ್ಲಿ ಏನು ಕೀಳು ಅಂದ್ರೂ ಕಿತ್ತಿದೆ. ಇದನ್ನ ಕೀಳಲ್ಲ."

"ಕೂಲಿ ಹೋಗತ್ತೆ ನೋಡು."

"ಹೋಗ್ಲಿ."

ಮೇಸ್ತ್ರಿ ಉಳಿದವರ ಕಡೆ ತಿರುಗಿದ. ಬಾಯಿಬಡುಕಿ ಎರಡು ಕೈಯನ್ನೂ ಕಂಕುಳಲ್ಲಿ ಸಿಕ್ಕಿಸಿಕೊಂಡು ನಿಂತಳು. ಅವಳನ್ನು ನೋಡಿ ಉಳಿದವರೂ ಹಾಗೇ ನಿಂತರು. ಅವನು ಫೋನು ಮಾಡಿದ. ಸ್ವಲ್ಪ ಹೊತ್ತಿಗೆ ಟ್ರ್ಯಾಕ್ಟರು ಬಂತು, ಹಿಂದೆ ಗುಬ್ಬಿಯ ಕಾರು ಬಂತು. ಗುಬ್ಬಿ ಇಳಿದು ಕಾಲುವೆಯ ಆಚೆಗೇ ನಿಂತಳು. ಹುಟ್ಟಿದ ಮನೆಯ ಬಾಗಿಲು ಅವಳ ಎದುರಿಗೇ ಇತ್ತು.

ಟ್ರ್ಯಾಕ್ಟರು ಆ ತುದಿಯಿಂದ ಇಳಿಯಿತು. ಗಿಡಗಳು ಮುರಿಯುವ ಸದ್ದು ಎಲುಬು ಮುರಿದಂತೆ ಕೇಳಿತು. ಹೊಡೆಯೊಳಗಿನ ತೆನೆ, ಇನ್ನೂ ಬೆಳಕು ಕಾಣದ್ದು, ಹಾಲಿನ ಬಣ್ಣದ್ದು, ಮಣ್ಣಿನಲ್ಲಿ ಅರೆದುಹೋಯಿತು. ಒಬ್ಬಳು ಮುದುಕಿ ನೆಲಕ್ಕೆ ಕೂತುಬಿಟ್ಟಳು. ಆ ತುದಿ ಅವಳ ಮನೆಯದು. ಈ ಸಲ ಕಪ್ಪು ಕಾಳು ಬಿತ್ತಿದ್ದು ಅಲ್ಲಿ ಮಾತ್ರ.

ದೊಡ್ಡಕ್ಕ ಗಿಡಗಳ ನಡುವಿನಿಂದ ನಡೆದು ಬಂದಳು. ಕಾಲುವೆಯ ಅಂಚಿಗೆ ನಿಂತಳು.

"ಗುಬ್ಬೀ," ಅಂದಳು.

ಮೇಸ್ತ್ರಿ ತಿರುಗಿ ನೋಡಿದ. ಕಾರಿನ ಡ್ರೈವರೂ ನೋಡಿದ.

"ಗುಬ್ಬೀ, ಗಾಡಿ ನಿಲ್ಲಿಸು. ಕೀಳಲೇಬೇಕು ಅಂದ್ರೆ ಈ ಕಡೆ ಬಾ. ನಿನ್ನ ಕೈಯಿಂದ ಕೀಳು. ಅಮ್ಮನ ಜೋಳ ಇದು."

"ಮೇಡಂ, ಈಯಮ್ಮ ನಿಮಗೆ ಗೊತ್ತಾ?" ಅಂದ ಮೇಸ್ತ್ರಿ.

ಗುಬ್ಬಿ ಕನ್ನಡಕ ತೆಗೆದು ಒರೆಸಿದಳು. ಹಾಕಿಕೊಂಡಳು. ಅಕ್ಕನ ಮುಖ ನೋಡಿದಳು.

"ಕೂಲಿಯವರೆಲ್ಲ ಹೀಗೇ. ಕೆಲಸ ಆಗಬೇಕಾದ್ರೆ ಎಲ್ಲರೂ ಅಕ್ಕ ತಂಗೀನೇ," ಅಂದಳು. "ಗಾಡಿ ಬಿಡಿ."

ದೊಡ್ಡಕ್ಕ ಮತ್ತೆ ಅವಳನ್ನು ಕರೆಯಲಿಲ್ಲ. ಹಿಂದಕ್ಕೆ ಹೋಗಿ ಟ್ರ್ಯಾಕ್ಟರಿನ ಮುಂದೆ, ಉಳಿದ ಗಿಡಗಳಿಗೆ ಬೆನ್ನು ಕೊಟ್ಟು ನಿಂತಳು. ಬಾಯಿಬಡುಕಿ ಪಕ್ಕಕ್ಕೆ ಬಂದಳು. ಒಬ್ಬೊಬ್ಬರೇ ಬಂದರು. ಕೂತಿದ್ದ ಮುದುಕಿಯೂ ಎದ್ದು ಬಂದಳು, ಅವಳ ಪಾಲಿನದು ಹೋಗಿಯಾಗಿದ್ದರೂ. ಮೈಗೆ ಮೈ ತಾಕಿಸಿಕೊಂಡು ನಿಂತರು. ಟ್ರ್ಯಾಕ್ಟರಿನ ಬಿಸಿಗಾಳಿ ಮುಖಕ್ಕೆ ಹೊಡೆಯುತ್ತಿತ್ತು.

"ಬಿಡೋ," ಅಂದ ಮೇಸ್ತ್ರಿ.

ಟ್ರ್ಯಾಕ್ಟರಿನವನು ಹೆಂಗಸರನ್ನು ನೋಡಿದ, ಮೇಸ್ತ್ರಿಯನ್ನು ನೋಡಿದ. ಎಂಜಿನ್ ಆರಿಸಿದ.

"ನಂಗೆ ಗಿಡ ಕೀಳೋಕೆ ಕರೆದದ್ದು," ಅಂದ. "ಹೆಂಗಸರನ್ನ ಕೀಳೋಕಾದ್ರೆ ಬೇರೆಯವರನ್ನ ಕರ್ಕೊಳ್ಳಿ."

ಕಾರು ಹೋಯಿತು. ನಾಳೆ ಮತ್ತೆ ಬರುತ್ತದೆ ಎಂದು ಎಲ್ಲರಿಗೂ ಗೊತ್ತಿತ್ತು. ಅರ್ಧ ಪಟ್ಟಿ ನಿಂತಿತ್ತು.

ದೊಡ್ಡಕ್ಕ ಮನೆಯೊಳಗೆ ಹೋಗಿ ಕಾಗದ ತೆಗೆದಳು. ಹೆಬ್ಬೆಟ್ಟುಗಳ ಕೆಳಗೆ ಸ್ವಲ್ಪ ಜಾಗ ಇತ್ತು. ಅಕ್ಷರ ನೆಟ್ಟಗೆ ಬಂತು. "ಇದನ್ನು ಒಯ್ದವಳು ನನ್ನ ತಂಗಿ. ಕೊಟ್ಟವಳು ನಾನು. ಯಾರದ್ದೂ ಅಲ್ಲ ಎಂದು ಬರೆದವಳೂ ಅವಳೇ. ಅರ್ಧ ಬೆಳೆಯನ್ನು ಇವತ್ತು ತುಳಿಸಿದರು. ಅರ್ಧ ಇನ್ನೂ ನಿಂತಿದೆ, ಅದರ ಮುಂದೆ ನಾವು ನಿಂತಿದ್ದೇವೆ. ಬೇಗ ಬಂದು ನೋಡಿ." ತಂಗಿ ಎಂದು ಬರೆದ ಕಡೆ ಪೆನ್ನು ಸ್ವಲ್ಪ ಹೊತ್ತು ನಿಂತಿತ್ತು, ಅಲ್ಲಿ ಮಸಿ ಊರಿತ್ತು. ಒರೆಸಲು ಹೋಗಲಿಲ್ಲ.

ಹಿತ್ತಲನ್ನು ಬಾಯಿಬಡುಕಿಗೆ ಒಪ್ಪಿಸಿ ಅಂಚೆ ಕಚೇರಿಗೆ ನಡೆದಳು. ಕಿಟಕಿಯ ಹಿಂದಿನವನು ಲಕೋಟೆ ತಿರುಗಿಸಿ ನೋಡಿದ.

"ಸಾದಾ ಹಾಕ್ಲಾ?"

"ತಲುಪಿತು ಅಂತ ಅವರ ರುಜು ಬರಬೇಕು. ಹಾಗೆ ಹಾಕಿ."

"ಕಳಿಸೋರ ವಿಳಾಸ ಬರೆದಿಲ್ಲ."

ಅವಳು ಪೆನ್ನು ಕೇಳಿ ಪಡೆದು, ಕೇಂದ್ರದ ಹಿಂದಿನ ಸಾಲು ಎಂದು ಬರೆದಳು. ಅವನು ತೂಗಿದ, ಮುದ್ರೆ ಒತ್ತಿದ, ಹಿಂದಿದ್ದ ಚೀಲಕ್ಕೆ ಎಸೆದ. ಅವಳು ಹೋಗಲಿಲ್ಲ.

"ಆಯ್ತಲ್ಲಮ್ಮಾ. ಇನ್ನೇನು?"

"ಏನಿಲ್ಲ. ಹೊರಡೋದು ನೋಡ್ಬೇಕು."

ಅವನು ಭುಜ ಕುಣಿಸಿ ಮುಂದಿನವರನ್ನು ಕರೆದ. ಅವಳು ಗೋಡೆಗೆ ಒರಗಿ ನಿಂತಳು. ಮಧ್ಯಾಹ್ನದ ಗಾಡಿ ಬಂತು. ಒಬ್ಬ ಬಂದು ಚೀಲದ ಬಾಯಿ ಬಿಗಿದು ಕಟ್ಟಿದ, ಹೆಗಲಿಗೇರಿಸಿದ, ಅವಳ ಮುಂದೆಯೇ ಹೊತ್ತುಕೊಂಡು ಹೋಗಿ ಗಾಡಿಗೆ ಎಸೆದ. ಗಾಡಿ ಹೊರಟಿತು.